ಟ್ರ್ಯಾಕ್ಟರ್ ಬ್ಯಾಡ್ರಿ ಸಾಹೇಬ್ರ

ಶಾಖಾ ವ್ಯವಸ್ಥಾಪಕರಿಗೆ,
(ಬ್ಯಾಂಕಿನ ಹೆಸರು ಬರೆದಿಲ್ಲ. ಬರೆದರೆ ಉಳಿದ ಬ್ಯಾಂಕಿನವರು ತಮಗಲ್ಲ ಅಂದುಕೊಂಡು ನಕ್ಕಾರು.)

ಸಾಹೇಬರೇ,

ನಿನ್ನೆ ಮಧ್ಯಾಹ್ನ ನಿಮ್ಮ ಕ್ಯಾಬಿನ್ನಿನ ಹೊರಗೆ ಬಾಕಿನ ಮೇಲೆ ಕುಳಿತಿದ್ದ ಮುದಿ ಮಾಸ್ತರ ನಾನೇ. ಊಟಕ್ಕೆ ಏಳುವಾಗ "ಕುಂದರ್ರಿ, ಬಂದೆ" ಅಂದಿರಿ. ಬಂದದ್ದೂ ನಿಜ, ಹಿಂದಿನ ಬಾಗಿಲಿನಿಂದ. ಮುಂದಿನ ಬಾಗಿಲಿಗೆ ಬೀಗ ಬೀಳುವ ಹೊತ್ತಿಗೆ ಜವಾನನ ಕೈಲಿ ಹೇಳಿ ಕಳಿಸಿದಿರಿ: "ಮಾಸ್ತರಿಗೆ ಸೋಮವಾರ ಬರಲಿಕ್ಕೆ ಹೇಳು. ಟ್ರ್ಯಾಕ್ಟರ್ ಬೇಕಂದ್ರ ಈಗೇ ಒಳಗ ಬರಲಿ." ಶಹಾಪುರದಿಂದ ಸುರಪುರದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ದಾರಿಯುದ್ದಕ್ಕೂ ಆ ಕೊನೆಯ ಮಾತೊಂದೇ ಕಿವಿಯಲ್ಲಿತ್ತು. ಅದಕ್ಕೇ ಈ ಪತ್ರ.

ವಿಷಯ ನಿಮಗೆ ಗೊತ್ತಿದ್ದದ್ದೇ, ವಿದ್ಯಾಭ್ಯಾಸದ ಸಾಲ. ಓದುವ ಮಂದಿಗೆ ಗೊತ್ತಿರಲಿ ಅಂತ ಬರೆಯುತ್ತೇನೆ. ನನ್ನ ತಂಗಿಯ ಮಗಳು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ ಒಳ್ಳೆಯ ಅಂಕದಲ್ಲಿ ಪಾಸಾಗಿದ್ದಾಳೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಇಡೀ ರಾಜ್ಯಕ್ಕೇ ಕೊನೆಗೆ ನಿಂತ ಯಾದಗಿರಿ ಜಿಲ್ಲೆಯ ಹುಡುಗಿ ಇವಳು. ಆಗ ನಮ್ಮ ಮಕ್ಕಳಿಗೆ ಓದಿನ ಆಸೆಯೇ ಇಲ್ಲ ಅಂತ ಭಾಷಣ ಮಾಡಿದವರೆಷ್ಟೋ ಮಂದಿ. ಇವಳಿಗೆ ಆಸೆ ಇದೆ. ವಿಮಾನ ಹಾರಿಸುವುದು ಕಲಿಯಬೇಕು, ಆಮೇಲೆ ಉಳಿದವರಿಗೆ ಕಲಿಸಬೇಕು ಅನ್ನುತ್ತಾಳೆ.

ಈ ಹುಚ್ಚು ಹತ್ತಿಸಿದ್ದು ಕಲಬುರಗಿ. 2019ರ ನವೆಂಬರ್ 22ಕ್ಕೆ ಅಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ. ಪ್ರಯಾಣಿಕರ ವಿಮಾನ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತರಬೇತಿ ಶಾಲೆಗಳ ಪುಟ್ಟ ವಿಮಾನಗಳು ಮಾತ್ರ ತೊಗರಿ ಹೊಲಗಳ ಮೇಲೆ ಗುಂಯ್‌ಗುಟ್ಟುತ್ತ ಸುತ್ತುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿ ಹಳೆಯ ಸರ್ಕಾರಿ ವಿಮಾನ ತರಬೇತಿ ಶಾಲೆಯೂ ಇದೆ, ನಡುವೆ ವರ್ಷಗಟ್ಟಲೆ ಹಾರಾಟ ನಿಂತಿದ್ದ ಶಾಲೆ. ಹುಡುಗಿ ಒಪ್ಪಲಿಲ್ಲ. "ಮಾಮಾ, ಕಲಬುರಗ್ಯಾಗ ಕಲ್ತು ಕಲಬುರಗ್ಯಾಗೇ ಕಲಸ್ತೀನಿ" ಅಂದಳು. ಮಾಸ್ತರನ ಮನೆತನದ ಗಾಳಿ ತಾಗಿದೆ, ಏನು ಮಾಡಲಿ.

ಹಿಂದೊಮ್ಮೆ ಇದನ್ನು ನಿಮ್ಮ ಮುಂದೆ ಹೇಳಿದಾಗ ನೀವು ಕನ್ನಡಕ ಇಳಿಸಿ ನನ್ನನ್ನು ನೋಡಿದಿರಿ. "ಪೈಲಟ್ ಆದ್ರ ಲಕ್ಷಗಟ್ಟಲೆ ಪಗಾರ ಅಂತಾರ. ಅದು ಬಿಟ್ಟು ವಿಮಾನದ ಮಾಸ್ತರಿಕಿ ಯಾಕ್ರಿ?" ನಾನು ಜೀವಮಾನವಿಡೀ ಮಾಸ್ತರಿಕಿ ಮಾಡಿದವನು ಅಂತ ಗೊತ್ತಿದ್ದೇ ಕೇಳಿದಿರಿ. ಉತ್ತರ ಈಗ ಕೊಡುತ್ತೇನೆ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ತಾನೇ ಕಮಾಂಡಿನಲ್ಲಿ ಕೂತು ಹಾರಿಸಿರಬೇಕು. ರಾತ್ರಿಯಲ್ಲಿ 5 ಗಂಟೆ. 300 ನಾಟಿಕಲ್ ಮೈಲಿಯ, ಅಂದರೆ 550 ಕಿಲೋಮೀಟರಿಗೂ ಮೇಲಿನ ಒಂದು ದೂರದ ಹಾರಾಟ, ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು. ಜೊತೆಗೆ ನೇವಿಗೇಶನ್, ಹವಾಮಾನ, ರೆಗ್ಯುಲೇಶನ್, ಟೆಕ್ನಿಕಲ್ ಪೇಪರುಗಳು, ರೇಡಿಯೋ ಲೈಸೆನ್ಸು, ವೈದ್ಯಕೀಯ ಪರೀಕ್ಷೆ. ಇಷ್ಟಾದ ಮೇಲೂ ಏರ್‌ಲೈನಿನ ಕೆಲಸ ಕೂಡಲೇ ಸಿಗುತ್ತದೆ ಅಂತಿಲ್ಲ. ಏರ್‌ಬಸ್ಸು ಬೋಯಿಂಗು ಹಾರಿಸಲು ಟೈಪ್ ರೇಟಿಂಗ್ ಅಂತ ಮತ್ತೆ ಲಕ್ಷಗಳ ಖರ್ಚು. ಆದ್ದರಿಂದ ಎಷ್ಟೋ ಮಂದಿ ಮೊದಲು ಸಹಾಯಕ ಇನ್‌ಸ್ಟ್ರಕ್ಟರ್ ಆಗಿ, ಆಮೇಲೆ ಪೂರ್ಣ ಇನ್‌ಸ್ಟ್ರಕ್ಟರ್ ಆಗುತ್ತಾರೆ. ಕಲಿಸುತ್ತಲೇ ಲಾಗ್‌ಬುಕ್ಕಿನಲ್ಲಿ ಗಂಟೆ ಕೂಡುತ್ತವೆ, ಕೈಗೆ ಪಗಾರವೂ ಬರುತ್ತದೆ. ಅಂದರೆ ಸಾಲದ ಕಂತು ಕಟ್ಟಲಿಕ್ಕೆ ಬೇಗ ದಾರಿಯಾಗುವುದು ಈ ಮಾಸ್ತರಿಕಿಯಿಂದಲೇ. ನಿಮಗೆ ಖುಷಿಯಾಗಬೇಕಿತ್ತು.

ಖರ್ಚು ಅರವತ್ತು ಲಕ್ಷದ ಆಸುಪಾಸು. 200 ಗಂಟೆಗೆ ಭಾಗಿಸಿದರೆ ಗಂಟೆಗೆ 30,000. ನಿಮ್ಮ ಸ್ಕೀಮಿನಲ್ಲಿ ಏಳೂವರೆ ಲಕ್ಷದವರೆಗೆ ಆಸ್ತಿ ಅಡವಿಡದೆ ಸಾಲ ಸಿಗುತ್ತದೆ, ಆಚೆಗೆ ಆಸ್ತಿ ಬೇಕು. ಏಳೂವರೆ ಲಕ್ಷಕ್ಕೆ ಸರಿಯಾಗಿ 25 ಗಂಟೆ ಬರುತ್ತದೆ. ಹುಡುಗಿ 25 ಗಂಟೆ ಹಾರಿ, ಉಳಿದ 175 ಗಂಟೆ ಆಕಾಶದಲ್ಲೇ ನಿಂತು ನಿಮ್ಮ ಸೋಮವಾರದ ದಾರಿ ಕಾಯಬೇಕೇ? ಕೇಂದ್ರದವರು 2024ರಲ್ಲಿ ಪಿಎಂ ವಿದ್ಯಾಲಕ್ಷ್ಮಿ ಅಂತ ತಂದರು, ಜಾಮೀನೂ ಬೇಡ, ಅಡವೂ ಬೇಡ ಅಂದರು. ಅದು ರ್‍ಯಾಂಕ್ ಪಟ್ಟಿಯಲ್ಲಿರುವ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ನಮ್ಮ ಹುಡುಗಿಯ ಹಾರಾಟದ ಶಾಲೆ ಅದರಲ್ಲಿಲ್ಲ.

ಆಸ್ತಿ ಇಲ್ಲವೇ ಅಂದರೆ, ಇದೆ. ಎಂಟು ಎಕರೆ, ನಾರಾಯಣಪುರ ಎಡದಂಡೆ ಕಾಲುವೆಯ ನೀರಾವರಿ. ಪಹಣಿ, ಮ್ಯುಟೇಶನ್, ಇಸಿ, ಸೊಸೈಟಿಯ ಬೇಬಾಕಿ ಪತ್ರ, ಎಲ್ಲವನ್ನೂ ಫೈಲಿನಲ್ಲಿ ಹೊಲಿದು ತಂದಿದ್ದೆ. ನೀವು ಪಹಣಿ ಮೇಲೆ ಕಣ್ಣಾಡಿಸಿ, ಪ್ರೀತಿಯಿಂದ ಸವರಿ, "ಹೊಲ ಚೆಂದ ಅದ. ಟ್ರ್ಯಾಕ್ಟರ್ ತಗೊಳ್ರಿ" ಅಂದಿರಿ.

ಯಾಕೆ ಅಂತ ಕೇಳಿದೆ. ವಿದ್ಯಾಭ್ಯಾಸದ ಸಾಲಕ್ಕೆ ಕೃಷಿ ಜಮೀನು ನಡೆಯುವುದಿಲ್ಲವಂತೆ. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ಹಿಡಿಯಲು ನಿಮಗೆ 2002ರ ಸರ್ಫೇಸಿ ಕಾನೂನಿದೆ, ಅದರ 31ನೇ ಕಲಮು ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ರೈತನ ಹೊಲ ಉಳಿಯಲಿ ಅಂತ ಮಾಡಿದ್ದು, ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಅದೇ ಹೊಲದ ಮೇಲೆ ಟ್ರ್ಯಾಕ್ಟರಿಗೆ ಸಾಲ ಕೊಡುವಾಗ 31ನೇ ಕಲಮು ಎಲ್ಲಿ ಹೋಗಿರುತ್ತದೆ? ಪಹಣಿಯ 11ನೇ ಕಾಲಮ್ಮಿನಲ್ಲಿ ಬೋಜಾ ಕೂಡಿಸಿ, ಸಾಯಂಕಾಲದೊಳಗೆ ಸಾಲ ಮಂಜೂರು ಮಾಡುತ್ತೀರಿ. ಟ್ರ್ಯಾಕ್ಟರಿಗೆ ಬಂಗಾರವಾಗುವ ಹೊಲ ವಿಮಾನಕ್ಕೆ ಬಂದರೆ ಮಣ್ಣಾಗುತ್ತದೆ. ನಾನು ಗಣಿತದವನು, ಈ ಲೆಕ್ಕ ನನಗೆ ಬಗೆಹರಿಯಲಿಲ್ಲ.

ದಾರಿಯನ್ನೂ ನೀವೇ ತೋರಿಸಿದಿರಿ. "ಎನ್‌ಎ ಮಾಡಿಸಿ ಪ್ಲಾಟ್ ಹಾಕಿಸ್ಕೊಂಡ್ ಬರ್ರಿ." ಕಾಲುವೆ ನೀರು ಹರಿಯುವ ಹೊಲಕ್ಕೆ ಕಲ್ಲು ನೆಟ್ಟು ಸೈಟು ಮಾಡಿದರೆ ಅದು ಆಸ್ತಿ, ಭತ್ತ ಬೆಳೆದರೆ ಅಲ್ಲ. ಊರಲ್ಲಿ ಮನೆ ಇದೆಯಲ್ಲ ಅಂದೆ. ಗಾಂವಠಾಣದ ಮನೆ, ಫಾರಂ ನಂಬರ್ 9, 11 ತರ್ರಿ ಅಂದಿರಿ. ನಮ್ಮಜ್ಜ ಕಟ್ಟಿದ ಮನೆ, ಪಂಚಾಯಿತಿಯ ಕಂಪ್ಯೂಟರಿನಲ್ಲಿ ಇನ್ನೂ ಹುಟ್ಟಿಲ್ಲ. ಬ್ರಿಟಿಷರ ಕಾಲದಲ್ಲಿ ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರ್ ಸಾಹೇಬ ಬಂಗಲೆ ಕಟ್ಟಿಕೊಂಡ, ಇಂದಿಗೂ ಟೇಲರ್ ಮಂಜಿಲ್ ಅಂತ ನಿಂತಿದೆ. ಪುಣ್ಯಾತ್ಮ, ಅವನನ್ನು ಯಾರೂ ಫಾರಂ ನಂಬರ್ 9 ಕೇಳಲಿಲ್ಲ.

ಇಲ್ಲಿಯತನಕ ನಕ್ಕೆ, ಸಾಹೇಬರೇ. ಈಗ ನಗುವುದಿಲ್ಲ. ಕೊನೆಗೆ ನೀವು ಹೇಳಿದ್ದು ನೆನಪಿದೆಯಲ್ಲ? "ಅಷ್ಟು ಅವಸರ ಇದ್ರ ಎರಡೆಕರೆ ಮಾರಿಬಿಡ್ರಿ." ರೈತನ ಹೊಲ ಕಳೆಯಬಾರದು ಅಂತ ಕಾನೂನು ಮಾಡಿದ್ದಾರೆ, ಆ ಕಾನೂನನ್ನೇ ತೋರಿಸಿ ಹೊಲ ಮಾರು ಅನ್ನುತ್ತೀರಿ. ಅಡವಿಡಲಿಕ್ಕೆ ಬಾರದ ಹೊಲ ಮಾರಲಿಕ್ಕೆ ಬರುತ್ತದೆ. ಕೊಳ್ಳುವವರಿಗೇನು ಬರವೇ? ಶಹಾಪುರದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಬಾಯಿ ಬಿಟ್ಟರೆ ಸಾಕು, ಲೋಟ ಇಡುವುದರೊಳಗೆ ದಲಾಲ ಬಂದು ಪಕ್ಕದಲ್ಲಿ ಕೂತಿರುತ್ತಾನೆ. ಬೆಂಗಳೂರಿನಲ್ಲಿ ಫ್ಲ್ಯಾಟು, ಕಲಬುರಗಿಯಲ್ಲಿ ಸೈಟು ಇದ್ದವರ ಮಕ್ಕಳು ಅವುಗಳ ಕಾಗದ ಕೊಟ್ಟು ಇದೇ ಸಾಲ ಪಡೆದು ನಮ್ಮ ತಲೆಯ ಮೇಲೇ ಹಾರುತ್ತಾರೆ. ಕೆಳಗೆ ಹೊಲದಲ್ಲಿ ನಿಂತವರ ಮಕ್ಕಳು ಬೆಂಗಳೂರಿಗೆ ಗುಳೆ ಹೋಗಿ ಆ ಫ್ಲ್ಯಾಟುಗಳಿಗೆ ಇಟ್ಟಿಗೆ ಹೊರುತ್ತಾರೆ. ಸಂವಿಧಾನದ 371(ಜೆ) ಬಂದು ಕಾಲೇಜಿನ ಸೀಟಿನಲ್ಲಿ, ಸರ್ಕಾರಿ ನೌಕರಿಯಲ್ಲಿ ನಮ್ಮ ಭಾಗಕ್ಕೆ ಪಾಲು ಸಿಕ್ಕಿತು; ನಿಮ್ಮ ಕ್ಯಾಬಿನ್ನಿನ ಬಾಗಿಲು ದಾಟುವ ಕಲಮು ಅದರಲ್ಲಿ ಇಲ್ಲ. ಕಲಬುರಗಿಯಲ್ಲಿ ಭೂಮಿ ಹಿಡಿದು ರನ್‌ವೇ ಮಾಡುವಾಗ ಅದು ಕೃಷಿ ಭೂಮಿ, ನಡೆಯುವುದಿಲ್ಲ ಅಂತ ಯಾರಾದರೂ ಅಂದರೇ? ವಿಮಾನ ಇಳಿಯಲಿಕ್ಕೆ ನಮ್ಮ ಮಣ್ಣು ನಡೆಯುತ್ತದೆ, ಏರಲಿಕ್ಕೆ ನಡೆಯುವುದಿಲ್ಲ.

ಸಾಲ ಕೊಡಬೇಡಿ ಬಿಡಿ. ಕೊಡುವುದಿಲ್ಲ ಅಂತ ಒಂದು ಹಾಳೆಯ ಮೇಲೆ ಕಾರಣ ಬರೆದು, ಸಿಕ್ಕಾ ಹೊಡೆದು ಕೊಡಿ ಅಂದೆ. ಆ ಹಾಳೆ ಹಿಡಿದು ಮೇಲಿನವರ ಹತ್ತಿರ ಹೋದೇನು ಅಂತ. ಅದಕ್ಕೆ ನೀವು ಗುಡ್ಡವೇ ಆಗಿ ಮಲಗಿದ ಶಹಾಪುರದ ಬುದ್ಧನಿಗಿಂತ ಶಾಂತವಾಗಿ, "ಬರದು ಕೊಡೂದು ನಮ್ಮಲ್ಲಿ ಪದ್ಧತಿ ಇಲ್ರಿ" ಅಂದಿರಿ. ಕೊಡಲೂ ಇಲ್ಲ, ಕೊಡುವುದಿಲ್ಲ ಅನ್ನಲೂ ಇಲ್ಲ. ಸೋಮವಾರ ಅಂದಿರಿ.

ಆದ್ದರಿಂದ ನಾನೇ ಒಂದು ಅರ್ಜಿ ತಯಾರು ಮಾಡಿದ್ದೇನೆ. ನಿಮ್ಮದೇ ಕೃಷಿ ಸಾಲದ ಫಾರಂ. ಸರ್ವೆ ನಂಬರ್ ಬರೆದಿದ್ದೇನೆ, ಕ್ಷೇತ್ರ 8 ಎಕರೆ ಅಂತ ಬರೆದಿದ್ದೇನೆ. 'ಬೆಳೆ' ಅನ್ನುವಲ್ಲಿ ಪೈಲಟ್. 'ನೀರಾವರಿಯ ಮೂಲ' ಅನ್ನುವಲ್ಲಿ ಮೋಡ. 'ಕೊಳ್ಳುವ ಯಂತ್ರ' ಅನ್ನುವಲ್ಲಿ ಟ್ರ್ಯಾಕ್ಟರ್ ಅಂತಲೇ ಇದೆ, ರೆಕ್ಕೆ ಸಹಿತ. ಇದಕ್ಕಾದರೂ ನಡೆಯುವುದಿಲ್ಲ ಅಂತ ಬರೆದು ಕೊಡುತ್ತೀರೋ ನೋಡೋಣ.

ಇನ್ನೊಂದು ಮಾತು. ನನ್ನ ಫೋನ್ ನಂಬರನ್ನು ನೀವು ಟ್ರ್ಯಾಕ್ಟರ್ ಏಜೆಂಟನಿಗೆ ಕೊಟ್ಟಿದ್ದೀರಿ. ಬೆಳಗ್ಗೆ ಚಹಾಕ್ಕೆ ಮೊದಲು ಒಮ್ಮೆ, ರಾತ್ರಿ ಊಟದ ಹೊತ್ತಿಗೆ ಒಮ್ಮೆ ಹಚ್ಚುತ್ತಾನೆ. "ಮಾಸ್ತರ್ರ, ಟ್ರೇಲರ್ ಸೈತ ಬರದುಬಿಡ್ಲೇನ್ರಿ?" ನಮ್ಮ ಎಂಟು ಎಕರೆಗೆ ಎಷ್ಟು ಸಾಲ ಹುಟ್ಟುತ್ತದೆ ಅನ್ನುವುದು ಅವನಿಗೆ ಬಾಯಿಪಾಠವಾಗಿದೆ. ಸೋಮವಾರ ಬರುವಾಗ ಅವನನ್ನೂ ಕರೆದುಕೊಂಡೇ ಬರುತ್ತೇನೆ. ಒಳಗೆ ಬಿಡಿ ಅಂತ ನಾನು ಜವಾನನಿಗೆ ಹೇಳಬೇಕಾಗಿಲ್ಲ, ಅವನಿಗೆ ಬಾಗಿಲು ತಾನೇ ತೆರೆಯುತ್ತದೆ. ಅವನ ಬೆನ್ನಿಗೆ ನಾನು, ನನ್ನ ಬೆನ್ನಿಗೆ ಹುಡುಗಿ.

ಇಂತಿ,
ಸುರಪುರದ ಒಬ್ಬ ನಿವೃತ್ತ ಗಣಿತ ಮಾಸ್ತರ