ದಂಡಂ ದಶಗುಣಂ, ಮೊಮ್ಮಗನ ಹೊರತು

ಪ್ರತಿ ಬಡಾವಣೆಗೂ ಒಬ್ಬ ನಿವೃತ್ತ ಮೇಷ್ಟ್ರು ಇದ್ದೇ ಇರುತ್ತಾರೆ. ಮೈಸೂರಿನ ಬಡಾವಣೆಗಳಿಗೆ ಇಬ್ಬರು ಮೂವರು ಸಲ್ಲುತ್ತಾರೆ. ನಮ್ಮ ಬೀದಿಯ ಪಾಲಿಗೆ ಬಂದವರು ಬೆಳಿಗ್ಗೆ ಆರಕ್ಕೆಲ್ಲ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು, ಮಂಕಿ ಟೋಪಿಯನ್ನು ಕಿವಿಯಿಂದ ಮೇಲಕ್ಕೆ ಸರಿಸಿ, ದೇಶ ಹಾಳಾಗುತ್ತಿರುವುದಕ್ಕೆ ಕಾರಣ ಹೇಳುತ್ತಾರೆ. "ಮಕ್ಕಳಿಗೆ ಏಟು ಬೀಳ್ತಿಲ್ಲ ಕಣ್ರೀ."

ಭಾರತ ತಂಡ ಸೋತಿತೆ? ಆ ಬ್ಯಾಟ್ಸ್‌ಮನ್ನಿಗೆ ಚಿಕ್ಕಂದಿನಲ್ಲಿ ಅವರಪ್ಪ ಎರಡು ಬಿಡಲಿಲ್ಲ. ಕಸದ ಗಾಡಿ ಬರಲಿಲ್ಲವೆ? ಅದರ ಡ್ರೈವರ್ ಅಜ್ಜಿ ಮನೆಯಲ್ಲಿ ಬೆಳೆದವನಿರಬೇಕು. ವಾದ ಎಲ್ಲಿಂದ ಶುರುವಾದರೂ ಬಂದು ನಿಲ್ಲುವುದು ಒಂದೇ ಕಡೆ. "ನಮ್ಮಪ್ಪ ನನ್ನನ್ನ ಹಟ್ಟಿ ಕಂಬಕ್ಕೆ ಕಟ್ಟಿ ಬಾರಿಸಿದ್ರು. ನಾನೇನು ಕೆಟ್ಟುಹೋದ್ನಾ?" ಈ ಪ್ರಶ್ನೆಗೆ ಬೆಂಚಿನ ಮೇಲಿನ ಯಾರೂ ಇದುವರೆಗೆ ಉತ್ತರ ಕೊಟ್ಟಿಲ್ಲ. ಮರ್ಯಾದಸ್ಥರು.

ಮೇಷ್ಟ್ರ ಸೇವಾವಧಿಯ ಸಂಗಾತಿ ಒಂದು ನಾಗರಬೆತ್ತ. ಹಿಡಿಯ ಭಾಗ ಬೆವರು ಕುಡಿದು ಕಪ್ಪಗಾಗಿದೆ. ತುದಿ ಸೀಳಬಾರದೆಂದು ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದಾರೆ. ಬೇಸಿಗೆ ರಜೆಯಲ್ಲಿ ಅದಕ್ಕೆ ಹರಳೆಣ್ಣೆ ಸವರುತ್ತಿದ್ದರಂತೆ. ಮನೆಯಾಕೆಗೆ ಆ ಭಾಗ್ಯ ದೀಪಾವಳಿಗೆ ಮಾತ್ರ. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು, ಅದರ 17ನೇ ಸೆಕ್ಷನ್ನು ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕವಾಗಿ ಕಾಡುವುದನ್ನೂ ನಿಷೇಧಿಸಿದಾಗ, ಮೇಷ್ಟ್ರು ತಾರೀಕು ನೋಡಿ ಇದು ಏಪ್ರಿಲ್ ಫೂಲ್ ಅಂದುಕೊಂಡಿದ್ದರು. ಸುತ್ತೋಲೆ ಬಂದ ಮೇಲೆ ನಂಬಿದರು. ಎರಡು ವರ್ಷ ಬರಿಗೈಯಲ್ಲಿ ಪಾಠ ಮಾಡಿ ನಿವೃತ್ತರಾದರು. ಬೆತ್ತ ಶಾಲೆಯ ಬೀರುವಿನಿಂದ ಮನೆಯ ಬೀರುವಿನ ಮೇಲಕ್ಕೆ ವರ್ಗವಾಗಿ ಬಂತು.

ಚಾಣಕ್ಯನ ಹೆಸರಿನಲ್ಲಿ ಓಡಾಡುವ ಒಂದು ಶ್ಲೋಕ ಮೇಷ್ಟ್ರ ಬ್ರಹ್ಮಾಸ್ತ್ರ. ಐದು ವರ್ಷ ಮಗನನ್ನು ಮುದ್ದಿಸು, ಆಮೇಲೆ ಹತ್ತು ವರ್ಷ ದಂಡಿಸು, ಹದಿನಾರಕ್ಕೆ ಬಂದವನನ್ನು ಗೆಳೆಯನಂತೆ ಕಾಣು ಎಂದು ಅದರ ತಾತ್ಪರ್ಯ. ಮೇಷ್ಟ್ರು ಮೊದಲನೆಯ ಕಂತನ್ನು ಹೆಂಡತಿಗೆ ವಹಿಸಿ, ಎರಡನೆಯದನ್ನು ಶ್ರದ್ಧೆಯಿಂದ ನೆರವೇರಿಸಿದರು. ಮೂರನೆಯದಕ್ಕೆ ಮುಹೂರ್ತ ಇನ್ನೂ ಕೂಡಿಬಂದಿಲ್ಲ. ದೊಡ್ಡ ಮಗನಿಗೆ ಈಗ ನಲವತ್ತೆರಡು.

ಅವನು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ವರ್ಕ್ ಫ್ರಮ್ ಹೋಮ್ ಪುಣ್ಯದಿಂದ ಸಂಸಾರ ಸಮೇತ ಬೆಂಗಳೂರು ಬಿಟ್ಟು ಅಪ್ಪನ ಮನೆಯ ಮಹಡಿಗೆ ಬಂದಿದ್ದಾನೆ. ಲ್ಯಾಪ್‌ಟಾಪಿನ ಆಚೆ ಮೂವತ್ತು ಜನರನ್ನು ನಡುಗಿಸುವವನು, ಮೆಟ್ಟಿಲ ಮೇಲೆ ಅಪ್ಪನ ಹವಾಯಿ ಚಪ್ಪಲಿ ಸದ್ದು ಕೇಳಿದರೆ ಮೊಬೈಲನ್ನು ದಿಂಬಿನಡಿಗೆ ತಳ್ಳುತ್ತಾನೆ. ದರ್ಶಿನಿಯಲ್ಲಿ ಏನು ತಿನ್ನಬೇಕೆಂದು ಅವನಿಗೆ ತೋಚುವುದಿಲ್ಲ. ಮುಂದೆ ನಿಂತವರು ಹೇಳಿದ್ದನ್ನೇ ಹೇಳುತ್ತಾನೆ. ಒಮ್ಮೆ ಹಾಗೇ ಐದು ಪಾರ್ಸೆಲ್ ಖಾರಾಬಾತ್ ಹೊತ್ತುಕೊಂಡು ಬಂದಿದ್ದ. ಮೇಷ್ಟ್ರಿಗೆ ಇದೆಲ್ಲ ವಿಧೇಯತೆ.

ಮಗಳದು ಬೇರೆಯೇ ದಾರಿ. ಗಣಿತದಲ್ಲಿ ಕಡಿಮೆ ಬಂದಾಗೆಲ್ಲ ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿಯನ್ನು ಅವಳೇ ಹಾಕುತ್ತಿದ್ದಳು. ಅಪ್ಪ ಕೊನೆಯಲ್ಲಿ ಎಳೆಯುವ ಬಾಲ, ಅದರ ಕೆಳಗಿನ ಎರಡು ಚುಕ್ಕಿ, ಯಾವುದೂ ತಪ್ಪುತ್ತಿರಲಿಲ್ಲ. ಏಟಿನ ಹೆದರಿಕೆ ಕಲಿಸಿದ ವಿದ್ಯೆ. ಈಗ ಬ್ಯಾಂಕಿನಲ್ಲಿ ಆಫೀಸರು. ಚೆಕ್ಕಿನ ಮೇಲಿನ ಸಹಿ ತಾಳೆ ನೋಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲವಂತೆ. "ಯಾರ ಮಗಳು ಅನ್ಕೊಂಡ್ರಿ?" ಎನ್ನುತ್ತಾರೆ ಮೇಷ್ಟ್ರು. ಪೂರ್ತಿ ಕಥೆ ಅವರಿಗೆ ಗೊತ್ತಿಲ್ಲ, ಬೀದಿಗೆಲ್ಲ ಗೊತ್ತು.

ಚಿಕ್ಕವನು ಹುಟ್ಟುವ ಹೊತ್ತಿಗೆ ಮೇಷ್ಟ್ರಿಗೆ ದೂರದ ತಾಲ್ಲೂಕಿಗೆ ವರ್ಗವಾಗಿತ್ತು. ಹುಡುಗ ಹಾಸನದ ಕಡೆಯ ಹಳ್ಳಿಯಲ್ಲಿ ಅಜ್ಜಿಯ ಸೆರಗು ಹಿಡಿದು, ಒಂದೇಟೂ ತಿನ್ನದೆ, ಒಲೆಯ ಮುಂದೆ ಬೆಳೆದ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಕೊನೆಗೆ ಅಡುಗೆ ಕಂಟ್ರ್ಯಾಕ್ಟರ್ ಆದ. "ಮುದ್ದಿನಿಂದ ಕೆಟ್ಟ" ಎಂದು ಮೇಷ್ಟ್ರು ಬಹಳ ಕಾಲ ಅವನ ಹೆಸರನ್ನೇ ಎತ್ತುತ್ತಿರಲಿಲ್ಲ. ಅವನು ಎರಡು ಟೆಂಪೋ ಕೊಂಡು, ಆಷಾಢ ಒಂದು ಬಿಟ್ಟು ವರ್ಷವಿಡೀ ಬುಕ್ಕಾಗತೊಡಗಿದ ಮೇಲೆ ಸಿದ್ಧಾಂತಕ್ಕೆ ತಿದ್ದುಪಡಿ ಬಂತು. "ವಾರಕ್ಕೊಂದು ಕಾರ್ಡ್ ಬರೀತಿದ್ದೆನಲ್ಲ, ಅದರಲ್ಲೇ ಇರ್ತಿತ್ತು ಏಟು." ಮಕ್ಕಳು ಹೇಗೆ ಆದರೂ ಸೋಲದ ಸಿದ್ಧಾಂತ ಇದು. ಜ್ಯೋತಿಷಿಗಳೂ ಇಷ್ಟು ನುಣುಪಾಗಿ ಜಾರಿಕೊಳ್ಳುವುದಿಲ್ಲ.

ಇಂಥ ಮನೆಗೆ ಹಿರಿಸೊಸೆ ಮನಃಶಾಸ್ತ್ರ ಓದಿಕೊಂಡು ಬಂದಳು. ಒಂದು ಸಂಜೆ ಕಾಫಿ ಕೊಡುತ್ತಾ ಹೇಳಿದಳು. "ಮಾವ, ಡಯಾನಾ ಬಾಮ್ರಿಂಡ್ ಅಂತ ಒಬ್ರು, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, 1960ರ ದಶಕದಲ್ಲೇ ಅಪ್ಪ ಅಮ್ಮಂದಿರನ್ನ ಮೂರು ಥರ ವಿಂಗಡಿಸಿದ್ರು. ತಾವು ಹೇಳಿದ್ದೇ ಕಾನೂನು ಅನ್ನೋರು, ಮಗು ಕೇಳಿದ್ದಕ್ಕೆಲ್ಲ ಹೂಂ ಅನ್ನೋರು, ನಿಯಮವನ್ನೂ ಇಟ್ಟು ಕಾರಣವನ್ನೂ ಹೇಳೋರು. ಮೂರನೇ ಥರದವರ ಮಕ್ಕಳೇ ಚೆನ್ನಾಗಿ ಬಂದ್ರಂತೆ."

"ನಾನು ಮೂರನೇ ಥರ ಕಣಮ್ಮ," ಅಂದರು ಮೇಷ್ಟ್ರು ತಕ್ಷಣ. "ಹೊಡೆದ ಮೇಲೆ ಕಾರಣ ಹೇಳ್ತಿದ್ದೆ."

ಸೊಸೆ ಬಿಡಲಿಲ್ಲ. ಸ್ವೀಡನ್ನಿನಲ್ಲಿ 1979ರಿಂದ ಮನೆಯೊಳಗೂ ಮಕ್ಕಳ ಮೇಲೆ ಕೈ ಮಾಡುವಂತಿಲ್ಲ ಎಂದಳು. "ಅದಕ್ಕೇ ಅಲ್ಲಿ ಜನ ಕಮ್ಮಿ," ಎಂದು ಮೇಷ್ಟ್ರು ಲೋಟ ಕೆಳಗಿಟ್ಟರು.

ಹಾಗೆಂದು ಸೊಸೆಯ ಪಕ್ಷಕ್ಕೆ ಪೂರ್ತಿ ಮತ ಹಾಕಲೂ ನನಗೆ ಧೈರ್ಯವಿಲ್ಲ. ಆಕೆಯ ಪ್ರಯೋಗವನ್ನು ಪ್ರತಿದಿನ ಎಂಟೂವರೆಗೆ ಗೇಟಿನ ಬಳಿ ನೋಡಬಹುದು. ಸ್ಕೂಲ್ ವ್ಯಾನ್ ನಿಂತಿರುತ್ತದೆ. ಐದು ವರ್ಷದ ಪುಟ್ಟ ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೊಂದನ್ನು ತಲೆಯ ಮೇಲೆ ಇಟ್ಟುಕೊಂಡಿರುತ್ತಾನೆ. ತಾಯಿ ಮಂಡಿಯೂರಿ, ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತಾಳೆ. "ಶೂ ಹಾಕ್ಕೋಬೇಕು ಅಂತ ಅನ್ನಿಸ್ತಿಲ್ವಾ ಬಂಗಾರ?"

"ಅನ್ನಿಸ್ತಿಲ್ಲ."

"ನಿನಗೆ ಬೇಜಾರಾಗಿದೆ. ಅಮ್ಮಂಗೆ ಅರ್ಥ ಆಗುತ್ತೆ. ನೀಲಿ ಸಾಕ್ಸ್ ಬೇಕಾ, ಬಿಳಿದು ಬೇಕಾ?"

"ಕೆಂಪು."

ಹಾರ್ನ್ ಆಗುತ್ತದೆ. ವ್ಯಾನಿನಲ್ಲಿರುವ ಹನ್ನೊಂದು ಮಕ್ಕಳ ಬೇಜಾರನ್ನು ವಿಚಾರಿಸುವವರಿಲ್ಲ. ಕೊನೆಗೆ ಡ್ರೈವರ್, ಬರ್ಕ್ಲಿಯನ್ನೂ ಚಾಣಕ್ಯನನ್ನೂ ಅರಿಯದವನು, ಕಿಟಕಿಯಿಂದ ತಲೆ ಹಾಕಿ "ಏಯ್, ಹತ್ತೋ! ನಿನ್ ಸೀಟಲ್ಲಿ ಬೇರೆಯವ್ರು ಕೂರ್ತಾವ್ರೆ" ಎನ್ನುತ್ತಾನೆ. ಪುಟ್ಟ ಎರಡೂ ಶೂ ಕೈಯಲ್ಲಿ ಹಿಡಿದು ಓಡುತ್ತಾನೆ.

1998ರಲ್ಲಿ ಅಮೆರಿಕದ ಜುಡಿತ್ ರಿಚ್ ಹ್ಯಾರಿಸ್ ಎಂಬಾಕೆ ಒಂದು ಪುಸ್ತಕ ಬರೆದು, ಮಕ್ಕಳ ಸ್ವಭಾವ ತಿದ್ದುವುದರಲ್ಲಿ ಹೆತ್ತವರ ಕೈವಾಡ ನಾವು ತಿಳಿದಷ್ಟಿಲ್ಲ; ರಕ್ತದಲ್ಲಿ ಬಂದದ್ದು, ಓರಗೆಯವರಿಂದ ಕಲಿತದ್ದು ಅದಕ್ಕಿಂತ ಹೆಚ್ಚು ಎಂದು ವಾದಿಸಿದ್ದರು. ದೊಡ್ಡ ಗಲಾಟೆಯಾಗಿತ್ತು. ವ್ಯಾನಿನ ದೃಶ್ಯ ನೋಡಿದಾಗೆಲ್ಲ ಆಕೆಯ ನೆನಪಾಗುತ್ತದೆ. ಆದರೆ ಮೇಷ್ಟ್ರಿಗೆ ಹೇಳಿಲ್ಲ, ಸೊಸೆಗೂ ಹೇಳಿಲ್ಲ. ಇಬ್ಬರ ಹೊಟ್ಟೆಯ ಮೇಲೂ ಒಟ್ಟಿಗೆ ಹೊಡೆಯುವುದು ಯಾವ ಶಿಸ್ತು?

ಇನ್ನು ಮೇಷ್ಟ್ರು ಮೊಮ್ಮಗನಿಗೆ ಏಟು ಕೊಡುತ್ತಾರೆಯೆ ಎಂದು ಕೇಳುವಂತೆಯೇ ಇಲ್ಲ. ಮೊನ್ನೆ ಹೋದಾಗ ಎಪ್ಪತ್ತು ದಾಟಿದ ಯಜಮಾನರು ದಿವಾನ್ ಕೆಳಗೆ ಅಂಗಾತ ಮಲಗಿ, ಅದೇ ನಾಗರಬೆತ್ತದಿಂದ ಚೆಂಡು ಎಳೆಯುತ್ತಿದ್ದರು. ಹೊರಗಿನಿಂದ ಪುಟ್ಟ ಆಜ್ಞೆ ಮಾಡುತ್ತಿದ್ದ. "ಆ ಕಡೆ ಅಲ್ಲ ತಾತಾ, ಎಷ್ಟ್ ಸಲ ಹೇಳ್ಬೇಕು ನಿಂಗೆ?" ಗೋಡೆಯ ಮೂಲೆಯಲ್ಲಿ ನಿಂತು ನೋಡುತ್ತಿದ್ದ ಮ್ಯಾನೇಜರನ ಮುಖದಲ್ಲಿ ಇದ್ದದ್ದು ಸಂತೋಷವೋ ಹೊಟ್ಟೆಕಿಚ್ಚೋ ನನಗೆ ಬಗೆಹರಿಯಲಿಲ್ಲ.

ಕಳೆದ ತಿಂಗಳು ಬೀದಿಯಲ್ಲೊಂದು ಮದುವೆ. ಅಡುಗೆ ಚಿಕ್ಕವನದೇ. ಪಂಕ್ತಿಯಲ್ಲಿ ಮೇಷ್ಟ್ರು ನನ್ನ ಪಕ್ಕ ಕೂತಿದ್ದರು. ಎದುರು ಸಾಲಿನವರೊಬ್ಬರು ಕೆಣಕಿದರು. "ಏನ್ ಮೇಷ್ಟ್ರೇ, ಮೊಮ್ಮಗಂಗೆ ಒಂದೇಟೂ ಇಲ್ವಂತೆ, ಆದ್ರೂ ಸ್ಕೂಲಲ್ಲಿ ಭಾರಿ ಜಾಣನಂತೆ?"

"ಅವರಪ್ಪಂಗೆ ಬಿದ್ದಿತ್ತಲ್ರೀ," ಎಂದರು ಮೇಷ್ಟ್ರು ಕೋಸಂಬರಿ ಬಾಯಿಗಿಟ್ಟು. "ಸಕ್ಕರೆ ಕಾಯಿಲೆ ಥರ ಅದು. ಒಂದು ತಲೆಮಾರು ಬಿಟ್ಟು ಕಾಣಿಸಿಕೊಳ್ಳುತ್ತೆ."

ಅಷ್ಟರಲ್ಲಿ ಹೋಳಿಗೆ ಬಂತು. ಬಡಿಸುವವನ ಹಿಂದೆಯೇ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಚಿಕ್ಕವನೂ ಬಂದ. "ಅಪ್ಪಂಗೆ ಅರ್ಧ ಸಾಕು."

"ಒಂದು ಹಾಕ್ಲಿ ಬಿಡೋ."

"ಅರ್ಧ ಅಂದ್ರೆ ಅರ್ಧ. ಫಾಸ್ಟಿಂಗ್ ಶುಗರ್ ಎಷ್ಟು ಬಂದಿತ್ತು ಅಂತ ಇಲ್ಲಿ ಎಲ್ಲರ ಮುಂದೆ ಹೇಳ್ಲಾ?"

ಎಲೆಯ ಮೇಲೆ ಚಾಚಿದ್ದ ಕೈಯನ್ನು ಮೇಷ್ಟ್ರು ಹಿಂದಕ್ಕೆ ಎಳೆದುಕೊಂಡರು. ಮಗ ಮುಂದಿನ ಎಲೆಗೆ ಹೋದ. ಇವರು ನನ್ನ ಕಡೆ ವಾಲಿ, ಪಂಕ್ತಿಗೆಲ್ಲ ಕೇಳುವಷ್ಟು ಮೆಲ್ಲಗೆ ಹೇಳಿದರು. "ನೋಡಿದ್ರಾ, ಶಿಸ್ತು ಅಂದ್ರೆ ಹೀಗಿರಬೇಕು. ಎಲ್ಲಿಂದ ಬಂತು ಅಂತೀರಿ?"