ಮೇಷ್ಟ್ರ ಔಟ್‌ಬ್ಯಾಕ್

ಮೆಲ್ಬರ್ನ್‌ನ ಭಾವಮೈದುನ ವಾಟ್ಸ್‌ಆಪಿನಲ್ಲಿ ಫೋಟೊ ಕಳಿಸದೇ ಇದ್ದಿದ್ದರೆ ಚಿತ್ರದುರ್ಗದ ಈ ಮೇಷ್ಟ್ರ ಸಂಸಾರ ಆ ಜುಲೈನಲ್ಲಿ ಹಾಯಾಗಿ ಮನೆಯಲ್ಲೇ ಇರುತ್ತಿತ್ತು. ಅವನು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆಸ್ಟ್ರೇಲಿಯಾದವರು ಔಟ್‌ಬ್ಯಾಕ್ ಎಂದು ಕರೆಯುವ ಒಳನಾಡಿನ ಮರುಭೂಮಿ ದಾಟುತ್ತಿದ್ದ. ಪೋರ್ಟ್ ಆಗಸ್ಟಾದಿಂದ ಡಾರ್ವಿನ್‌ವರೆಗಿನ ಸ್ಟುವರ್ಟ್ ಹೆದ್ದಾರಿ 2,700 ಕಿ.ಮೀ.ಗೂ ಉದ್ದ, ದಿನಕ್ಕೊಂದು ಕಡೆ ಟೆಂಟು, ಟೆಂಟಿಗೊಂದು ಫೋಟೊ. ಕಾರ್ಲು ಕಾರ್ಲು ಎಂಬಲ್ಲಿ ಒಂದರ ಮೇಲೊಂದು ಕೂತ ಗುಂಡುಬಂಡೆಗಳ ಮುಂದೆ ಅವನು ನಿಂತ ಚಿತ್ರ ನೋಡಿ ಮೇಷ್ಟ್ರ ತಾಯಿ, ‘ಇದೇನು, ನಮ್ಮ ಕೋಟೆ ಹಿಂದ್ಗಡೆ ನಿಂತು ತೆಗೆಸ್ಕಂಡಿದಾನಾ?’ ಅಂದರು. ಅಜ್ಜಿ ಅಂದದ್ದು ತೀರಾ ತಪ್ಪಲ್ಲ. ಅಲ್ಲಿಯದೂ ಗ್ರಾನೈಟು, ಏಳುಸುತ್ತಿನ ಕೋಟೆಯ ಬಂಡೆಗಳೂ ಗ್ರಾನೈಟು.

ಆ ಮಾತೇ ಮೇಷ್ಟ್ರ ತಲೆ ಹೊಕ್ಕಿತು. ಬಂಡೆ ನಮ್ಮಲ್ಲಿದೆ, ಬಿಸಿಲು ನಮ್ಮಲ್ಲಿದೆ, ಬರ ಅಂತೂ ಹೇಳುವುದೇ ಬೇಡ. ನಮ್ಮದೇ ಒಂದು ಔಟ್‌ಬ್ಯಾಕ್ ಪ್ರವಾಸ ಯಾಕಾಗಬಾರದು? ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿ ಬಂದರೆ ಇನ್ನೂರು ಕಿ.ಮೀ. ಕೂಡ ಆಗದು.

ಮೇಷ್ಟ್ರು ಪಾಠ ಹೇಳುವುದು ಭೂಗೋಳ. ಭೂಗೋಳದವರು ಎಡವುವುದು ಪಂಚಾಂಗದಲ್ಲಿ. ಔಟ್‌ಬ್ಯಾಕಿಗೆ ಜೂನ್‌ನಿಂದ ಆಗಸ್ಟ್ ಪ್ರಶಸ್ತ ಎಂದು ಓದಿದರು. ಭೂಮಧ್ಯರೇಖೆಯ ಆಚೆ ಅದು ಚಳಿಗಾಲ, ಅದಕ್ಕೇ ಪ್ರಶಸ್ತ. ದುರ್ಗದಲ್ಲಿ ಅದು ಆಷಾಢದ ಗಾಳಿಯ ಕಾಲ. ಊರ ಸುತ್ತಲ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳನ್ನು ನೆಟ್ಟಿರುವುದು ಶೋಕಿಗಲ್ಲ ಅನ್ನುವುದನ್ನು ಮನೆಯವರು ಯಾರೂ ನೆನಪಿಸಲಿಲ್ಲ.

ಮರುಭೂಮಿಗೆ ಹೋಗುವವರು ಹೆಚ್ಚುವರಿ ನೀರು ಒಯ್ಯಲೇಬೇಕು ಎಂಬುದು ಅಲ್ಲಿಯ ಮೊದಲ ಪಾಠ. ಮೇಷ್ಟ್ರು ಇಪ್ಪತ್ತು ಲೀಟರಿನ ಮೂರು ಕ್ಯಾನು ಹೇರಿದರು. ಡಿಕ್ಕಿ ತುಂಬಿ ದಿಂಬುಗಳು ಕೆಳಗಿಳಿದವು. ‘ದುಡ್ಡು ಕೊಟ್ಟು ತಂದ ನೀರನ್ನ ಮಾರಿಕಣಿವೆ ಡ್ಯಾಮಿಗೆ ತೋರಿಸ್ಕಂಡು ಬರೋಕೆ ಹೋಗ್ತಿದೀವಾ?’ ಎಂದು ಹೆಂಡತಿ ಕೇಳಿದ್ದಕ್ಕೆ ಅವರು, ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ವರ್ಷಕ್ಕೆ ಸುಮಾರು 280 ಮಿ.ಮೀ. ಮಳೆ ಎಂದು ಉತ್ತರ ಕೊಟ್ಟರು. ನಮ್ಮ ಜಿಲ್ಲೆಯಲ್ಲಿ ಅದರ ದುಪ್ಪಟ್ಟು ಬೀಳುತ್ತದೆ ಅನ್ನುವುದನ್ನು ಮಾತ್ರ ನುಂಗಿಕೊಂಡರು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಹೊರಟ ಕಾರು ಮೊದಲು ನಿಂತದ್ದು ಐಮಂಗಲದ ಹತ್ತಿರದ ಮರಡಿಹಳ್ಳಿಯಲ್ಲಿ. ಅಲ್ಲಿ ಬಂಡೆಯೆಲ್ಲ ದಿಂಬು ಜೋಡಿಸಿಟ್ಟ ಹಾಗೆ. ನೀರಿನಡಿಯಲ್ಲಿ ಉಕ್ಕಿದ ಲಾವಾ ತಟಕ್ಕನೆ ತಣಿದರೆ ಹೀಗೆ ಉಬ್ಬುಬ್ಬಾಗಿ ಗಟ್ಟಿಯಾಗುತ್ತದೆ. ಭೂವಿಜ್ಞಾನಿಗಳು ಕರೆಯುವುದೂ ದಿಂಬು ಲಾವಾ ಎಂದೇ. ಇನ್ನೂರು ಕೋಟಿ ವರ್ಷಕ್ಕೂ ಹಿಂದಿನದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇಲ್ಲಿ ಸಮುದ್ರವಿತ್ತು ಎಂದು ಮೇಷ್ಟ್ರು ಕೈ ಬೀಸಿ ತೋರಿಸಿದರು. ಅಜ್ಜಿ ಒಂದನ್ನು ತಟ್ಟಿ ನೋಡಿ, ‘ಮನೇಲಿ ಬಿಟ್ಟು ಬಂದಿದ್ದೇ ಮೆತ್ತಗಿತ್ತು’ ಅಂದರು.

ಮಾರಿಕಣಿವೆ ಮೇಷ್ಟ್ರ ಮರುಭೂಮಿಗೆ ಸರಿಯಾಗಿ ಏಟು ಕೊಟ್ಟಿತು. ವೇದಾವತಿಗೆ ಎರಡು ಗುಡ್ಡಗಳ ನಡುವೆ ಅಡ್ಡ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾಯಿಸಿದ ನೀರು ಈಗ ಕಣ್ಣು ಹಾಯುವಷ್ಟು ದೂರಕ್ಕೂ ನಿಂತಿತ್ತು. ಮಕ್ಕಳು ಕಣಿವೆ ಮಾರಮ್ಮನಿಗೆ ಕೈ ಮುಗಿದು, ‘ಒಂಟೆ ಎಲ್ಲಪ್ಪ?’ ಎಂದು ಕೇಳಿದವು.

ಹೊಸದುರ್ಗದಲ್ಲಿ ಮಂಡಕ್ಕಿ, ಮೆಣಸಿನಕಾಯಿ. ಸಂಜೆ ಹೊಳಲ್ಕೆರೆಯ ಬಯಲು ಗಣಪತಿಯ ದರ್ಶನ.

ಊರಾಚೆ ಒಂದು ತೆಂಗಿನ ತೋಟದ ಅಂಚಿನಲ್ಲಿ, ತೋಟದ ಆಳಿಗೆ ಹೇಳಿ, ಮೇಷ್ಟ್ರು ಟೆಂಟು ಬಿಚ್ಚಿದರು. ಔಟ್‌ಬ್ಯಾಕಿನಲ್ಲಿ ಎದುರು ಕಾರು ಬರುವುದೇ ಅಪರೂಪ. ಬಂದರೆ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿದರೆ ಮುಗಿಯಿತು, ಅದೇ ನಮಸ್ಕಾರ. ಇಲ್ಲಿ ಗೂಟ ಹೊಡೆಯುವಷ್ಟರಲ್ಲಿ ನಾಲ್ಕು ಬೈಕು ನಿಂತವು. ‘ಯಾವೂರು? ಯಾರ ಪೈಕಿ? ಕಾರು ಕೆಟ್ಟೈತಾ?’ ದುರ್ಗದವರು ಅಂದಾಗಲಂತೂ ಕನಿಕರ ಉಕ್ಕಿತು. ಮೂವತ್ತು ಚಿಲ್ಲರೆ ಕಿ.ಮೀ. ದೂರದಲ್ಲಿ ಸ್ವಂತ ಮನೆ ಇಟ್ಟುಕೊಂಡು ಬಯಲಲ್ಲಿ ಮಲಗುವವರಿಗೆ ಮನೆಯಲ್ಲಿ ಜಗಳವೇ ಆಗಿರಬೇಕು ಎಂದು ಒಬ್ಬರು ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಿದರು.

ರಾತ್ರಿ ಒಂಬತ್ತಕ್ಕೆ ಗಾಳಿ ಎದ್ದಿತು. ಟೆಂಟು ಮೊದಲು ಉಸಿರೆಳೆದುಕೊಂಡಿತು, ಆಮೇಲೆ ಗೂಟ ಸಮೇತ ಹೊರಟೇ ಬಿಟ್ಟಿತು. ಮೇಷ್ಟ್ರು ಟಾರ್ಚು ಹಿಡಿದು ಹಿಂದೆ ಓಡಿದರು. ಅದನ್ನು ಕೋಲಿನಿಂದ ಒತ್ತಿ ಹಿಡಿದವನು ಅದೇ ತೋಟದ ಇನ್ನೊಂದು ಮೂಲೆಯಲ್ಲಿ ಮಂದೆ ತರುಬಿದ್ದ ಕುರಿಗಾಹಿ.

‘ಗಾಳಿಗೆ ಎದೆ ಕೊಟ್ಟೀರಲ್ಲ ಸ್ವಾಮಿ, ಬೆನ್ನು ಕೊಡ್ಬೇಕು.’

ಅವನ ಬಿಡಾರವನ್ನು ಮೇಷ್ಟ್ರು ಅಷ್ಟು ಹೊತ್ತಿನಲ್ಲೂ ಕಣ್ಣರಳಿಸಿ ನೋಡಿದರು. ಕುರಿಗಳ ಸುತ್ತ ಬಲೆ, ಪಾತ್ರೆ ಪಗಡ ಹೊರಲು ಕತ್ತೆ, ಒಂದು ನಾಯಿ, ಒಂದು ಕಂಬಳಿ. ಆಸ್ಟ್ರೇಲಿಯಾದ ದನಗಾಹಿಗಳು ದಪ್ಪ ಕ್ಯಾನ್ವಾಸಿನ ಸುರುಳಿ ಹಾಸಿಗೆಯನ್ನು ಸ್ವ್ಯಾಗ್ ಎಂದು ಕರೆದು ಬಯಲಲ್ಲೇ ಮಲಗುತ್ತಾರೆ. ಇವನ ಕಂಬಳಿ ಹಾಸಿಗೆಯೂ ಹೌದು, ಹೊದಿಕೆಯೂ ಹೌದು, ಮಳೆಗೆ ಕೊಪ್ಪೆಯೂ ಹೌದು. ಅಜ್ಜಿ ಇನ್ನೊಂದು ಕಂಬಳಿ ಕೇಳಿ ಇಸಿದುಕೊಂಡು ಕುರಿಗಳ ಮಗ್ಗುಲಲ್ಲಿ ಗೊರಕೆ ಹೊಡೆದರು. ಉಳಿದ ನಾಲ್ವರು ಕಾರಿನೊಳಗೆ ಮೂರು ಕ್ಯಾನುಗಳ ಜೊತೆ ಕೂತು ಬೆಳಗು ಮಾಡಿದರು.

ಬೆಳಿಗ್ಗೆ ತೋಟದ ಯಜಮಾನರು ಬಂದರು. ಕುರಿ ತರುಬಿದ್ದಕ್ಕೆ ಕುರಿಗಾಹಿಗೆ ದುಡ್ಡು ಎಣಿಸಿಕೊಟ್ಟು ಮೇಷ್ಟ್ರ ಕಡೆ ತಿರುಗಿದರು.

‘ಕುರಿ ಮಲಗಿದ್ರೆ ಗೊಬ್ಬರ ಸಿಗುತ್ತೆ ಅಂತ ನಾನೇ ದುಡ್ಡು ಕೊಡ್ತೀನಿ. ನೀವು ಮಲಗಿದ್ರಿಂದ ನನಗೇನು ಸ್ವಾಮಿ?’

ಮೇಷ್ಟ್ರಿಗೆ ಉತ್ತರ ಹೊಳೆಯಲಿಲ್ಲ. ಹೆಂಡತಿ ಡಿಕ್ಕಿ ತೆಗೆದರು. ಮುಚ್ಚಳವನ್ನೂ ಬಿಚ್ಚದ ಎರಡು ಕ್ಯಾನು, ಅರ್ಧವಾದ ಇನ್ನೊಂದು. ಯಜಮಾನರು ಹೊಸದಾಗಿ ನೆಟ್ಟ ತೆಂಗಿನ ಸಸಿಗಳ ಸಾಲು ತೋರಿಸಿದರು. ಮಕ್ಕಳು ಚೆಂಬು ಹಿಡಿದು ಹೊರಟವು.

‘ಫಿಲ್ಟರ್ ನೀರಾ?’ ಎಂದು ಯಜಮಾನರು ಅನುಮಾನದಿಂದ ಕೇಳಿದರು. ‘ಗಿಡಕ್ಕೇನೂ ಆಗಲ್ಲ ತಾನೆ?’