ಮೈ ಬೆಳೆದದ್ದು ನನ್ನ ತಪ್ಪೇ?: ಇನ್ನೂರು ಕೋಟಿ ಸಾಲಿನ ಟೇಬಲ್ ಸಂದರ್ಶನ

ಪ್ರಶ್ನೆ: ಆರ್ಡರ್ಸ್ ಟೇಬಲ್ ಅವರೇ, ಇನ್ನೂರು ಕೋಟಿ ಸಾಲು ಹೊತ್ತು ನೀವು ನಿಧಾನವಾಗಿದ್ದೀರಿ, ತುಂಡು ಮಾಡಿದರೆ ಸರಿಹೋಗುತ್ತೆ ಅಂತ ಆಫೀಸಿನಲ್ಲೆಲ್ಲ ಮಾತು.

ಟೇಬಲ್: ಮೈ ನೋಡಿ ಅಳೆಯೋರಿಗೆ ಲೆಕ್ಕ ಬರಲ್ಲ ಸ್ವಾಮಿ. ನಾನಿರೋದು ಮೈಎಸ್‌ಕ್ಯೂಎಲ್‌ನಲ್ಲಿ, ಇಲ್ಲಿ ಒಂದು ಪುಟ ಅಂದರೆ ಸಾಮಾನ್ಯವಾಗಿ 16 ಕೆಬಿ. ಇಂಡೆಕ್ಸಿನ ಪುಟದಲ್ಲಿ ಸಾವಿರ ಕೈಮರ, ತಳದ ಪುಟದಲ್ಲಿ ನೂರು ಸಾಲು ಅಂತ ಇಟ್ಟುಕೊಳ್ಳಿ. ಮೂರು ಮೆಟ್ಟಿಲು ಇಳಿದರೆ 10 ಕೋಟಿ ಸಾಲಲ್ಲಿ ಬೇಕಾದ್ದು ಸಿಗುತ್ತೆ. ನಾಲ್ಕನೇ ಮೆಟ್ಟಿಲಿಗೆ ಅದರ ಸಾವಿರ ಪಟ್ಟು. ನಾನು ಇಪ್ಪತ್ತು ಪಟ್ಟು ಊದಿದರೂ ಹೆಚ್ಚಾದದ್ದು ಒಂದೇ ಮೆಟ್ಟಿಲು! ನಿಧಾನ ಬಂದದ್ದು ನೀವು ಕೇಳೋ ರೀತಿಯಿಂದ. ದಿನಾಂಕಕ್ಕೆ ಇಂಡೆಕ್ಸ್ ಕಟ್ಟಿಸಿದವರೇ ಆ ಕಾಲಂ ಅನ್ನು ಡೇಟ್ ಫಂಕ್ಷನ್ನಿನ ಹೊಟ್ಟೆಗೆ ತುರುಕಿ ‘ಮಾರ್ಚ್ 5ಕ್ಕೆ ಸಮವೇ’ ಅಂತಾರೆ. ಇಂಡೆಕ್ಸ್ ಮೂಲೆಗೆ ಬಿತ್ತು. ಸಾಲುಸಾಲನ್ನೂ ಎತ್ತಿ ನೋಡಬೇಕು. ‘ಮಾರ್ಚ್ 5ರಿಂದ, 6ಕ್ಕೆ ಮುಂಚೆ’ ಅಂದಿದ್ದರೆ ನೇರ ಅಲ್ಲಿಗೇ ಇಳೀತಿದ್ದೆ. ಇನ್ನೊಬ್ಬ ಮಹಾಶಯ ‘ಪ್ಪ’ ಅಂತ ಮುಗಿಯುವ ಗ್ರಾಹಕರನ್ನೆಲ್ಲ ಹುಡುಕು ಅಂತಾನೆ. ನಿಘಂಟನ್ನು ಬಾಲದಿಂದ ಓದು ಅಂದ ಹಾಗೆ, ಅದೂ ಕರ್ನಾಟಕದಲ್ಲಿ!

ಪ್ರಶ್ನೆ: ಪಾರ್ಟಿಷನ್ ಮಾಡಿದರೆ ಹಗುರವಾಗಲ್ಲವೇ?

ಟೇಬಲ್: ಪೂರ್ತಿ ತಳ್ಳಿಹಾಕಲ್ಲ. ತಿಂಗಳಿಗೊಂದು ಭಾಗ ಮಾಡಿದರೆ ಹಳೇ ತಿಂಗಳನ್ನು ಒಂದೇ ಆಜ್ಞೆಗೆ ಕಿತ್ತೆಸೆಯಬಹುದು. ಡಿಲೀಟ್ ಮಾಡುತ್ತ ಕೂತರೆ ಸಾಲು ಹೋದರೂ ಫೈಲು ಕುಗ್ಗಲ್ಲ. ಆದರೆ ಅದು ಬಿಸಾಡೋದಕ್ಕೆ ಅನುಕೂಲ. ಹುಡುಕೋದಕ್ಕೂ ಆಗಬೇಕಾದರೆ ಪ್ರಶ್ನೆಯಲ್ಲಿ ದಿನಾಂಕ ಇರಬೇಕು. ಬರೀ ಗ್ರಾಹಕರ ಸಂಖ್ಯೆ ಹಿಡಿದು ಬಂದರೆ ಐದು ವರ್ಷದ ಅರವತ್ತು ಬಾಗಿಲನ್ನೂ ತಟ್ಟಬೇಕು. ಮೊದಲು ಇದ್ದದ್ದು ಒಂದೇ ಬಾಗಿಲು. ಮೇಲಾಗಿ ಪಾರ್ಟಿಷನ್ ಕಾಲಂ ಪ್ರತಿ ಯುನೀಕ್ ಕೀಯಲ್ಲೂ ಇರಬೇಕೆಂಬ ಕಾನೂನಿದೆ. ದಿನಾಂಕ ಬೇರೆಯಾದರೆ ಒಂದೇ ಆರ್ಡರ್ ಸಂಖ್ಯೆ ಎರಡು ಸಲ ನುಸುಳಿದರೂ ತಡೆಯೋರಿಲ್ಲ.

ಪ್ರಶ್ನೆ: ಹಾಗಾದರೆ ನಿಮ್ಮ ಮೈ ಮುಟ್ಟಲೇಬಾರದೇ?

ಟೇಬಲ್: ಮುಟ್ಟದೆ ವಿಧಿಯಿಲ್ಲದ ಕಾಲವೂ ಬರುತ್ತೆ. ನನ್ನ ಐಡಿ ಇಂಟ್. 2,14,74,83,647 ದಾಟಿದರೆ ಮುಂದಿನ ಆರ್ಡರಿಗೆ ನಂಬರೇ ಇಲ್ಲ. ಹೊಸ ಕಾಲಂ ಸೇರಿಸೋದು 8.0.12 ಆವೃತ್ತಿಯಿಂದ ಕ್ಷಣದ ಕೆಲಸವಾಗಿದೆ, ನಿಜ. ಆದರೆ ಇಂಟನ್ನು ಬಿಗ್‌ಇಂಟ್ ಮಾಡಲು ಇಡೀ ಟೇಬಲ್ಲನ್ನೇ ಮತ್ತೆ ಬರೆಯಬೇಕು. ಅಂಥದ್ದಕ್ಕೇ ಗಿಟ್‌ಹಬ್‌ನವರು 2016ರಲ್ಲಿ ಗೋಸ್ಟ್ ಅನ್ನೋ ಸಾಧನ ಹೊರತಂದರು, ಹೆಸರೇ ದೆವ್ವ. ಪಕ್ಕದಲ್ಲಿ ಖಾಲಿ ಟೇಬಲ್ ಕಟ್ಟಿ, ನನ್ನನ್ನು ತುತ್ತು ತುತ್ತಾಗಿ ನಕಲಿಸಿ, ನಡುವೆ ಬಂದ ಬದಲಾವಣೆಗಳನ್ನು ಬಿನ್‌ಲಾಗ್‌ನಿಂದ ಹೆಕ್ಕಿ ಸೇರಿಸಿ, ಕೊನೆಗೆ ಹೆಸರು ಅದಲುಬದಲು ಮಾಡುತ್ತೆ. ಪಕ್ಕದಲ್ಲಿ ಕೂತಿದ್ದಾನಲ್ಲ, ಅವನೇ ಆ ಹೊಸ ಟೇಬಲ್. ರಾತ್ರಿ ಅವನು ‘ಆರ್ಡರ್ಸ್’ ಆಗ್ತಾನೆ, ನನ್ನ ಹೆಸರಿಗೆ ‘ಡೆಲ್’ ಅಂಟಿಸಿ ಮೂಲೆಗಿಡ್ತಾರೆ. ಫೋಟೋ ತೆಗೆಯೋದಿದ್ದರೆ ಈಗಲೇ ತೆಗೆದುಬಿಡಿ.